ಮೇಸ್ತ್ರಿಗೆ ಹೇಳುವ ತಾರೀಖು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೇ ಮನೆ ರಿಪೇರಿ ಮಾಡಿಸಿ ನೋಡಿರಲಿಲ್ಲ. ನೋಡಿದ್ದರೆ ಗಾದೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ನನಗೆ ಅದೇ ಕಸುಬು. ಬಣ್ಣ ಉದುರಿದ, ನಲ್ಲಿ ಸೋರುವ ಮನೆಗಳನ್ನು ಕೊಳ್ಳುತ್ತೇನೆ, ರಿಪೇರಿ ಮಾಡಿಸಿ ಮಾರುತ್ತೇನೆ. ಪ್ಲಂಬರ್ ಬಂದ ದಿನ ಎಲೆಕ್ಟ್ರಿಷಿಯನ್ ಬರುವುದಿಲ್ಲ, ಇಬ್ಬರೂ ಬಂದ ದಿನ ಕರೆಂಟೇ ಇರುವುದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ.

ಇದರಲ್ಲಿ ಬದುಕಬೇಕಾದರೆ ಎರಡು ತಾರೀಖು ಇಟ್ಟುಕೊಂಡಿರಬೇಕು. ಒಂದು ಮೇಸ್ತ್ರಿಗೆ ಹೇಳುವುದು, ಇನ್ನೊಂದು ನಿಜವಾಗಿ ಬೇಕಾದದ್ದು. ಕೊಂಡವರಿಗೆ ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕಿದ್ದರೆ ಮೇಸ್ತ್ರಿಗೆ ಹದಿನೈದು ಎನ್ನುತ್ತೇನೆ. ಯಾಕೆ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ನಮ್ಮ ಅವಸರ ಗೊತ್ತಾದರೆ ಅವರ ರೇಟು ಏರುತ್ತದೆ.

ಈ ಎರಡು ತಾರೀಖಿನ ವಿದ್ಯೆಯನ್ನು ನಾನು ಕಂಡದ್ದು ಅಕ್ಕನ ಹೊಲಿಗೆ ಅಂಗಡಿಯಲ್ಲಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದ್ದು ಅಕ್ಕನ ಆ ಮೆಷಿನ್ನೇ. ಗಿರಾಕಿಗಳೆಲ್ಲ ನಾಳೆಯೇ ಪ್ರಳಯ ಎನ್ನುವ ಹಾಗೆ ತಾರೀಖು ಹೇಳುತ್ತಿದ್ದರು. ಅಕ್ಕ ಕನ್ನಡಕದ ಮೇಲಿಂದ ನೋಡಿ ಒಂದೇ ಮಾತು ಕೇಳುತ್ತಿದ್ದಳು: “ಅದು ಹೇಳೋ ತಾರೀಖು. ನಿಜವಾಗ್ಲೂ ಯಾವತ್ತಿಗೆ?” ಎಂಥ ಜಂಭದ ಗಿರಾಕಿಯೂ ಹಲ್ಲು ಕಿರಿದು ನಿಜ ಹೇಳಿಬಿಡುತ್ತಿದ್ದ.

ಈ ಸಲದ ಮನೆ ಮಾರುವುದಕ್ಕಲ್ಲ, ಅಕ್ಕನಿಗೆ. ಅವಳು ಆಸ್ಪತ್ರೆಯಲ್ಲಿದ್ದಾಳೆ. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, “ಇಲ್ಲಿ ಇನ್ನು ಮಾಡೋಕೆ ಏನೂ ಉಳಿದಿಲ್ಲ. ಹದಿನೈದಕ್ಕೆ ಮನೆಗೆ ಕಳಿಸ್ತೀವಿ. ಅಲ್ಲಿಂದ ಒಂದು ತಿಂಗಳು ಅಂತ ಇಟ್ಕೊಳ್ಳಿ” ಎಂದರು. ಒಳಗೆ ಬಂದು ನಾನು ಅಕ್ಕನಿಗೆ, ಮುಂದಿನ ಬೇಸಿಗೆ ಹೊತ್ತಿಗೆ ಓಡಾಡ್ತೀಯಂತೆ ಎಂದೆ. ಅವಳು ಏನೂ ಕೇಳಲಿಲ್ಲ. ಆಗಲೇ ನನಗೆ ಭಯವಾಯಿತು.

ನಾವಿಬ್ಬರು ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ಮಲಗಿದಲ್ಲಿಂದಲೇ ಕೇಳಿದ್ದು ಒಂದೇ: “ಜನ್ಮವೆಲ್ಲ ಗೋಡೆಗೆ ಮುಖ ಮಾಡ್ಕೊಂಡು ಹೊಲಿದೆ ಕಣೇ. ಬೀದಿ ಕಾಣೋ ಕಿಟಕಿ ಹತ್ರ ಸ್ವಲ್ಪ ದಿನ ಕೂರಿಸು.” ಲಾಭಕ್ಕೆಂದು ಕೊಂಡಿಟ್ಟಿದ್ದ ನೆಲಮಹಡಿಯ ಮನೆಯೊಂದಿತ್ತು, ಬೀದಿಯ ಅಂಚಿಗೇ. ಮೇಸ್ತ್ರಿಯನ್ನು ಕರೆದೆ. ಮುಂದಿನ ಕೋಣೆಗೆ ದೊಡ್ಡ ಕಿಟಕಿ, ಗಾಲಿ ಕುರ್ಚಿ ಹೋಗುವಷ್ಟು ಅಗಲದ ಬಚ್ಚಲ ಬಾಗಿಲು, ಜಾರದ ಟೈಲ್ಸು, ಬಣ್ಣ. ತಾರೀಖು ಹದಿನೈದು ಎಂದೆ. ಯಾಕೆ ಎಂದು ಹೇಳಲಿಲ್ಲ.

“ಆಯ್ತಮ್ಮ” ಎಂದ. ಅವನ ಬಾಯಲ್ಲಿ ಇನ್ನೊಂದು ಮಾತು ನಾನು ಕೇಳಿದ್ದು ಕಡಿಮೆ. ಬೆನ್ನ ಹಿಂದೆ ನಾನೂ ಅಕ್ಕನೂ ಅವನನ್ನು ಆಯ್ತಮ್ಮ ಮೇಸ್ತ್ರಿ ಅಂತಲೇ ಕರೆಯುವುದು. ಆಸ್ಪತ್ರೆಯಿಂದ ಫೋನು ಮಾಡಿದಾಗಲೆಲ್ಲ ಅದೇ ಆಯ್ತಮ್ಮ. ಹೋಗಿ ನೋಡಲು ನನಗೂ ಪುರಸೊತ್ತಾಗಲಿಲ್ಲ.

ಹದಿನಾಲ್ಕರ ಬೆಳಿಗ್ಗೆ ಹೋದೆ. ಹೊಸ ಕಿಟಕಿಯ ಚೌಕಟ್ಟು ಗೋಡೆಗೆ ಒರಗಿ ನಿಂತಿತ್ತು. ಅದು ಕೂರಬೇಕಾದ ತೂತಿಗೆ ಕಟ್ಟಿದ ಪ್ಲಾಸ್ಟಿಕ್ಕು ಗಾಳಿಗೆ ಪಟಪಟ ಬಡಿಯುತ್ತಿತ್ತು. ಬಚ್ಚಲ ಬಾಗಿಲು ಕಿತ್ತಿದ್ದರು, ಹೊಸದು ಬಂದಿರಲಿಲ್ಲ. ನಡುಮನೆಯಲ್ಲಿ ಮರಳಿನ ರಾಶಿ. ಅದರ ಪಕ್ಕ ಸಿಮೆಂಟು ಮೂಟೆಯ ಮೇಲೆ ಮೇಸ್ತ್ರಿಯೊಬ್ಬನೇ ಕೂತು ಚಹಾ ಕುಡಿಯುತ್ತಿದ್ದ.

“ನಾಳೆ ಹದಿನೈದು ಮೇಸ್ತ್ರಿ.”

“ಗೊತ್ತಮ್ಮ. ನಿಮ್ಮ ಹದಿನೈದು ಅಂದ್ರೆ ಮೂವತ್ತಲ್ವಾ? ಎಂಟು ವರ್ಷದಿಂದ ನೋಡ್ತಿದೀನಿ. ಆ ಲೆಕ್ಕದಲ್ಲೇ ಹುಡುಗರನ್ನ ಇನ್ನೊಂದು ಸೈಟಿಗೆ ಕಳ್ಸಿದೀನಿ.”

ಅವನು ಅದನ್ನು ನುಣುಚಿಕೊಳ್ಳಲು ಹೇಳಲಿಲ್ಲ. ನನ್ನನ್ನು ಅರ್ಥ ಮಾಡಿಕೊಂಡಿದ್ದೇನೆ ಎಂಬ ಸಲಿಗೆಯಿಂದ ಹೇಳಿದ. ಮೇಸ್ತ್ರಿಗಳನ್ನು ಬೈಯಲು ನನ್ನ ನಾಲಿಗೆಗೆ ಸಾಣೆ ಹಿಡಿಸಬೇಕಾಗಿಲ್ಲ, ಆದರೆ ಅವತ್ತು ಅವನನ್ನು ಬೈದು ಪ್ರಯೋಜನವಿರಲಿಲ್ಲ. ತೋಳ ಬಂತು ತೋಳ ಎಂದು ಎಂಟು ವರ್ಷ ಕೂಗಿದವಳು ನಾನೇ. ಮರಳಿನ ರಾಶಿಯ ಅಂಚಿಗೆ ಕೂತು ಅವನಿಗೆ ಎಲ್ಲ ಹೇಳಿದೆ, ಡಾಕ್ಟರು ಹೇಳಿದ ತಿಂಗಳನ್ನೂ ಸೇರಿಸಿ.

ಮೇಸ್ತ್ರಿ ಲೋಟ ಕೆಳಗಿಟ್ಟ. “ಮೊದಲೇ ಒಂದು ಮಾತು ಹೇಳ್ಬಾರದಾಗಿತ್ತಾ?”

“ಹೇಳಿದ್ರೆ ರೇಟು ಏರಿಸ್ತಿರಲಿಲ್ವಾ?”

ಅವನು ಯೋಚಿಸಿದ. “ಏರಿಸ್ತಿದ್ದೆನೇನೋ. ಆದ್ರೆ ಕೆಲಸ ಮುಗಿಸಿರ್ತಿದ್ದೆ.”

“ಈಗ ಎಷ್ಟು ಜನ ಬೇಕಾದ್ರೂ ಹಾಕಿ. ಎಷ್ಟು ದಿನ?”

“ಹತ್ತು ದಿನ. ಗಾರೆ ಒಣಗ್ಬೇಕು, ಟೈಲ್ಸು ಹಿಡೀಬೇಕು. ಸಿಮೆಂಟಿಗೆ ಯಾರ ಕಷ್ಟಾನೂ ಕೇಳ್ಸಲ್ಲಮ್ಮ.”

ಆಸ್ಪತ್ರೆಗೆ ಬಂದೆ. ಅಕ್ಕ ಎದ್ದೇ ಇದ್ದಳು. ಅವಳ ಬೆರಳುಗಳು ಹೊದಿಕೆಯ ಅಂಚಿನ ಹೊಲಿಗೆಯನ್ನು ತಡವುತ್ತಿದ್ದವು. ಯಾರೋ ಅವಸರದಲ್ಲಿ ಹೊಲಿದದ್ದು ಎಂದು ಅವಳಿಗೆ ಮೊದಲ ದಿನದಿಂದ ಸಿಟ್ಟು.

“ಮನೆ ಇನ್ನೂ ಹತ್ತು ದಿನ ಆಗುತ್ತಂತೆ ಅಕ್ಕ. ಅಲ್ಲಿವರೆಗೂ ಇಲ್ಲೇ ಇಟ್ಕೊಳ್ಳಿ ಅಂತ ಕೇಳ್ತೀನಿ.”

“ಹತ್ತು ದಿನ ಮನೇದು. ನಂದು?”

“ಹೇಳಿದ್ನಲ್ಲ, ಬೇಸಿಗೆ ಹೊತ್ತಿಗೆ...”

ಕಣ್ಣಿಗೆ ಕನ್ನಡಕವಿರಲಿಲ್ಲ. ಆದರೂ ಅಕ್ಕ ಕನ್ನಡಕದ ಮೇಲಿಂದ ನೋಡುವ ಹಾಗೆಯೇ ನನ್ನನ್ನು ನೋಡಿದಳು.

“ಅದು ಹೇಳೋ ತಾರೀಖು ಕಣೇ. ನಿಜವಾಗ್ಲೂ ಯಾವತ್ತಿಗೆ?”

ನಾನು ಅವಳ ಎದುರು ಯಾವತ್ತೂ ಜಾಣೆಯಾಗಿರಲಿಲ್ಲ. ಅಳುತ್ತಲೇ ಹೇಳಿದೆ. ಅಕ್ಕ ಅಳಲಿಲ್ಲ. ಬಟ್ಟೆ ಸಾಲದಾದಾಗ ಎಲ್ಲಿ ಕಡಿಮೆ ಮಾಡುವುದು ಎಂದು ಲೆಕ್ಕ ಹಾಕುತ್ತಿದ್ದಳಲ್ಲ, ಹಾಗೆ ಹೊದಿಕೆಯ ಅಂಚನ್ನು ಗೇಣಿನಲ್ಲಿ ಅಳೆದಳು.

“ಹಾಗಾದ್ರೆ ಟೈಲ್ಸು ಬೇಡ ಅನ್ನು. ಬಣ್ಣಾನೂ ಬೇಡ, ವಾಸನೆ ಹೋಗೋಕೇ ವಾರ ಬೇಕು. ಬಚ್ಚಲಿಗೆ ಬಾಗಿಲು ಯಾಕೆ, ನಾನು ಹೊಲಿದಿಟ್ಟ ಪರದೆ ಇದೆ, ಅದನ್ನ ಕಟ್ಟು. ಕಿಟಕಿ ಒಂದು ಕೂರಿಸ್ಲಿ. ಮಂಚ ಅದರ ಪಕ್ಕಕ್ಕೆ ಹಾಕು. ಮಿಕ್ಕಿದ್ದೆಲ್ಲ ಆಮೇಲೆ ನಿಧಾನವಾಗಿ ಮಾಡಿಸ್ಕೊ.”

ಹೊರಗೆ ಬಂದು ಮೇಸ್ತ್ರಿಗೆ ಫೋನು ಮಾಡಿ ಅಕ್ಕ ಹೇಳಿದಂತೆಯೇ ಹೇಳಿದೆ. ಅವನು ಆಯ್ತಮ್ಮ ಎನ್ನಲಿಲ್ಲ. “ನಾಳೆ ಸಂಜೆ ಕಿಟಕಿ ಕೂತಿರುತ್ತೆ. ಮರಳು ನಾನೇ ಹೊರಗೆ ಹಾಕಿ ನೆಲ ತೊಳಿಸ್ತೀನಿ” ಎಂದ. ಆಮೇಲೆ ಯಾವತ್ತಿನ ಅಭ್ಯಾಸದಂತೆ ಕೇಳಿದ, “ಮಿಕ್ಕಿದ್ದು ಯಾವ ತಾರೀಖಿಗೆ ಇಟ್ಕೊಳ್ಳೋಣಮ್ಮ?”

ಆ ಪ್ರಶ್ನೆಗೆ ನನ್ನ ಹತ್ತಿರ ಯಾವಾಗಲೂ ಎರಡು ಉತ್ತರ ಇರುತ್ತಿದ್ದವು. ಈಗ ಯಾವ ತಾರೀಖು ಹೇಳಿದರೂ ಅದು ಅಕ್ಕ ಇಲ್ಲದ ದಿನ.

“ಅಮ್ಮಾ, ಲೈನಲ್ಲಿದೀರಾ?” ಎಂದು ಅವನು ಕೇಳುತ್ತಲೇ ಇದ್ದ.