ಹನ್ನೊಂದು ತಿಂಗಳ ನಂತರದ ಮೊದಲ ವಹಿವಾಟು

೧
ಎಲ್ಲಿಂದ ಶುರು ಮಾಡಲಿ? ‘ಎರಡು ದೇಶಗಳ ವ್ಯಾಪಾರ ಸಂಬಂಧ ಹಳಸಿ ಹನ್ನೊಂದು ತಿಂಗಳಾಗಿತ್ತು’ ಎಂದು ಬರೆದೆ. ಓದಿದರೆ ನನಗೇ ಆಕಳಿಕೆ ಬಂತು. ಹೊಡೆದು ಹಾಕಿದೆ.

ಹೀಗೆ ನೋಡೋಣ. ಮಾತುಕತೆಯ ಸುದ್ದಿ ನಂಬಿ ಹೋದ ಒಂದು ಲಾರಿ, ಗಡಿಯಲ್ಲಿ ಒಂಬತ್ತು ದಿನದಿಂದ ನಿಂತಿದೆ. ಅದರ ತುಂಬ ಕಿತ್ತಳೆ. ಡ್ರೈವರ್‌ನ ಹೆಂಡತಿ ರಾಜಧಾನಿಯ ವಾಣಿಜ್ಯ ಸಚಿವಾಲಯದಲ್ಲಿ ಕಡತ ನೋಡಿಕೊಳ್ಳುವವಳು, ಆಫೀಸಿಗೆಲ್ಲ ಫೈಲಕ್ಕ. ಇವತ್ತು ಇಬ್ಬರು ಮಂತ್ರಿಗಳು ಸಹಿ ಹಾಕಿದರೆ ಗೇಟು ತೆರೆಯುತ್ತದೆ, ಗಂಡ ಸರಕು ಇಳಿಸಿ ಮನೆಗೆ ಬರುತ್ತಾನೆ.

೨
ಇಲ್ಲೊಂದು ಪದ್ಧತಿ ಹೇಳಲೇಬೇಕು. (ಬೇಸರವಾದರೆ ಕ್ಷಮಿಸಿ, ಮೂರೇ ಸಾಲು.) ಒಪ್ಪಂದಕ್ಕೆ ಎರಡು ಪ್ರತಿ. ನಮ್ಮ ಪ್ರತಿಯಲ್ಲಿ ನಮ್ಮ ದೇಶದ ಹೆಸರು ಮೊದಲು, ಅವರದರಲ್ಲಿ ಅವರದು. ಸಹಿಯಾದ ಮೇಲೆ ಅವರವರ ಪ್ರತಿ ಅವರವರ ಮನೆಗೆ.

ಆ ದೇಶದ ಕಡತ ಹಿಡಿದು ಬಂದವರು ಒಬ್ಬ ಹಿರಿಯ ಗುಮಾಸ್ತರು. ‘ಮರ್ಯಾದೆಗೆ ಕೊರತೆ ಆಗಬಾರದು’ ಎಂದು ಇಬ್ಬರಿಗೂ ಮೇಲಿನವರು ಹೇಳಿ ಹೇಳಿ ತಲೆ ತಿಂದಿದ್ದರು. ಹಾಗಾಗಿ ಫೈಲಕ್ಕ, ಅತಿಥಿಗಳ ಹೆಸರು ಮೊದಲಿದ್ದ ಪ್ರತಿಯನ್ನು ತನ್ನ ಮಂತ್ರಿಯ ಮುಂದಿಟ್ಟಳು. ಕರೆದವರಿಗೆ ಗೌರವವೆಂದು ಗುಮಾಸ್ತರು ನಮ್ಮದನ್ನು ತಮ್ಮ ಮಂತ್ರಿಯ ಮುಂದಿಟ್ಟರು. ಸಹಿಯಾಯಿತು, ಕೈ ಕುಲುಕಿದ್ದಾಯಿತು, ಫೋಟೊ ಆಯಿತು. ಯಾರ ಪ್ರತಿ ಯಾರ ಕೈಯಲ್ಲಿದೆ ಎಂದು ಯಾರೂ ನೋಡಲಿಲ್ಲ.

೩
ಬೀರುವಿನಲ್ಲಿ ಇಡುವ ಮುನ್ನ ಫೈಲಕ್ಕ ಮೊದಲ ಪುಟ ತೆರೆದಳು. ಅವರ ದೇಶದ ಹೆಸರು ಮೊದಲು. ಅವರ ವಿಮಾನಕ್ಕೆ ಇನ್ನು ಒಂದೇ ಗಂಟೆ.

ಕರಡು ಒಂದು: ಸುದ್ದಿ ಪತ್ರಿಕೆಗೆ ಸೋರುತ್ತದೆ, ‘ನಮ್ಮನ್ನು ಎರಡನೆಯವರಾಗಿ ಮಾಡಿದರು’ ಎಂದು ಆ ದೇಶ ಕೆರಳುತ್ತದೆ, ಒಪ್ಪಂದ ಮುರಿದುಬೀಳುತ್ತದೆ...

“ರೀ ಸ್ವಾಮಿ,” ಫೈಲಕ್ಕ ನನ್ನನ್ನು ತಡೆದಳು. “ನಿಮಗೆ ಕತೆ. ಅಲ್ಲಿ ಕೂತಿರೋರು ನಮ್ಮ ಮನೆಯವರು.”

“ಸಂಘರ್ಷ ಇಲ್ಲದೆ ಕತೆ ಹೇಗಮ್ಮಾ?”

“ಹನ್ನೊಂದು ತಿಂಗಳು ನೋಡಿದ್ದು ಇನ್ನೇನು? ಸಾಕಾಗ್ಲಿಲ್ವಾ?”

ಕರಡು ಎರಡು: ಅವಳು ಮಂತ್ರಿಯ ಕಾರಿನ ಹಿಂದೆ ಓಡುತ್ತಾಳೆ.

“ಈ ಚಪ್ಪಲೀಲಾ?”

೪
(ಈ ಕರಡನ್ನು ಅವಳೇ ಹರಿದು ಹಾಕಿದಳು. ಇದರಲ್ಲಿ ಕಿತ್ತಳೆ ಕೊಳೆಯುತ್ತಿತ್ತು.)

೫
ಆದದ್ದಿಷ್ಟು. ಅವಳು ಕಡತವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕಾರಿಡಾರಿಗೆ ಬಂದರೆ, ಲೋಟ ತೊಳೆಯುವ ಕೋಣೆಯ ಬಾಗಿಲಲ್ಲಿ ಹಿರಿಯ ಗುಮಾಸ್ತರು ನಿಂತಿದ್ದರು. ಕೋಟಿನ ಒಂದು ಮಗ್ಗುಲು ಉಬ್ಬಿತ್ತು. (ಎರಡು ದೇಶದವರು ಒಂದೇ ಭಾಷೆ ಹೇಗೆ ಮಾತಾಡಿದರು ಎಂದು ಕೇಳಬೇಡಿ. ಬರೆಯುತ್ತಿರುವವನು ನಾನು.)

“ತಪ್ಪು ನಂದು, ತಂಗಿ,” ಎಂದರು.

“ಅಯ್ಯೋ, ನಂದು ಸರ್. ಮೊದಲು ಕೈ ಹಾಕಿದ್ದು ನಾನೇ.”

“ಇದಕ್ಕೂ ಮೂರು ಸುತ್ತು ಮಾತುಕತೆ ಬೇಡಮ್ಮ. ಕೊಡಿ.”

ಒದ್ದೆ ಲೋಟಗಳ ಪಕ್ಕ ಎರಡು ಕಡತಗಳು ಕೈ ಬದಲಾದವು. ಸುಂಕವಿಲ್ಲ, ತಪಾಸಣೆಯಿಲ್ಲ. ಹನ್ನೊಂದು ತಿಂಗಳ ಮೇಲೆ ಎರಡು ದೇಶಗಳ ನಡುವೆ ನಡೆದ ಮೊದಲ ಆಮದು ರಫ್ತು ಇದು ಎಂದು ನಾನೇನೋ ದೊಡ್ಡದಾಗಿ ಬರೆಯಹೊರಟೆ. ಅವರಿಬ್ಬರೂ ನಗುತ್ತಿದ್ದರು, ನನ್ನನ್ನು ಯಾರೂ ಗಮನಿಸಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೋದ ಜೀವ ಬಂದಂತಾಯಿತು.

೬
ಸಂಜೆ ಗಂಡನ ಫೋನು. “ಗೇಟು ಎತ್ತಿದ್ರು ಕಣೇ! ಮುಂದೆ ನಲವತ್ತು ಗಾಡಿ ಇವೆ, ಆದ್ರೂ ಸಾಲು ಮೆಲ್ಲಗೆ ಹೋಗ್ತಿದೆ.”

ಅವಳು ಕುರ್ಚಿಗೆ ಒರಗಿ ಅತ್ತಳು. ಸಂತೋಷಕ್ಕೇ ಅತ್ತಳು, ಬೇರೆ ಅರ್ಥ ಹುಡುಕಬೇಡಿ.

ನಾನು ಉದಾರನಾದೆ. “ಒಂದೇ ವಾಕ್ಯ ಫೈಲಕ್ಕ. ಲಾರಿ ಗಡಿ ದಾಟಿಸಿ, ಮನೆ ಬಾಗಿಲಿಗೆ ತಂದು ನಿಲ್ಲಿಸಿ, ಕತೆ ಮುಗಿಸಿಬಿಡ್ತೀನಿ.”

“ನಿಲ್ಲಿಸೋ ಮಾತು ಮಾತ್ರ ಎತ್ತಬೇಡಿ,” ಎಂದಳು ಕಣ್ಣೊರೆಸಿಕೊಂಡು. “ಒಂಬತ್ತು ದಿನ ನಿಂತಿದ್ದು ಸಾಕು. ಅವರು ಹೋಗ್ತಾ ಇರ್ಲಿ ಬಿಡಿ.”

ಆದ್ದರಿಂದ ಈ ಕತೆಯನ್ನು ನಾನು ಮುಗಿಸುತ್ತಿಲ್ಲ. ಲಾರಿ ಫಸ್ಟ್ ಗೇರಿನಲ್ಲಿದೆ, ಮುಂದೆ ಈಗ ಮೂವತ್ತೊಂಬತ್ತು.