ಖಾಲಿ ಎಂದ ಹಸಿರು ಚೌಕ

ಇಷ್ಟು ಹಸಿರು ಹಸಿರೇ ಅಲ್ಲ, ಮಳೆ ಬಿದ್ದ ಮೇಲಿನ ತೊಗರಿ ಹೊಲಕ್ಕೂ ಇಂಥ ಬಣ್ಣ ಬರುವುದಿಲ್ಲ, ಪರದೆಯ ಮೇಲೆ ಈಗಷ್ಟೇ ಕೆಂಪಗಿದ್ದ ಚೌಕ ಹಸಿರಾಗಿ ಅದರೊಳಗೆ ಖಾಲಿ ಎಂಬ ಅಕ್ಷರ ಮೂಡಿದ್ದನ್ನು ಅಂಬುಜಾ ನೋಡುತ್ತಲೇ ಇದ್ದಾಳೆ, ಕಲ್ಲು ಅರೆಯುವ ಕ್ರಷರಿನ ಬಾಯಿ, ಹಾಪರು, ಖಾಲಿ, ಅಂದರೆ ಸಿಕ್ಕಿಕೊಂಡ ಬಂಡೆ ಒಡೆಯಲು ಇಳಿದವರು ಮೇಲೆ ಬಂದರು, ಇನ್ನು ಅವಳು ಗುಂಡಿ ಒತ್ತಬೇಕು, ಒತ್ತಿದರೆ ರಾವೂರಿನ ಗಣಿಯಿಂದ ಬಂದು ಸಾಲುಗಟ್ಟಿದ ಟಿಪ್ಪರುಗಳು ಹಿಂದಕ್ಕೆ ಸರಿದು ಸುಣ್ಣದ ಕಲ್ಲು ಸುರಿಯುತ್ತವೆ — ಬೆರಳು ಮೌಸಿನ ಮೇಲೆಯೇ ಇದೆ, ಒತ್ತುತ್ತಿಲ್ಲ. ಫೋನಿನಲ್ಲಿ ರೇವಣಸಿದ್ದ ಸಾಹೇಬರು, ಉತ್ಪಾದನೆ ಅವರದು, ಸಿಟ್ಟೂ ಅವರದೇ, ಹಸಿರು ಬಂತಲ್ರಿ ಅಂಬುಜಾ, ಯಾಕ ಸುಮ್ಮ ಕುಂತೀರಿ, ಮುಹೂರ್ತ ನೋಡಾಕತ್ತೀರೇನು, ಒಂದ್ ನಿಮಿಷ ಸರ್, ಏನ್ ನಿಮಿಷರಿ, ಗಾಡಿ ವಾಡಿ ಸ್ಟೇಷನ್ ತನಕ ನಿಂತಾವ. ಕಿಟಕಿಯಾಚೆ ಮಿಸ್ತ್ರಿ ಮಜೀದಸಾಬ ಅಂಗಳ ದಾಟಿ ನೀರಿನ ಹರವಿಯತ್ತ ಹೋಗುತ್ತಿದ್ದಾನೆ, ಮುಖ ಒರೆಸಿಕೊಳ್ಳುತ್ತ, ಒಬ್ಬನೇ — ಒಬ್ಬನೇ ಯಾಕೆ, ಹಾಪರಿಗೆ ಯಾರೂ ಒಬ್ಬರೇ ಇಳಿಯುವುದಿಲ್ಲ, ಬೆಳಿಗ್ಗೆ ಅವನ ಹಿಂದೆ ಸುತ್ತಿಗೆ ಹೊತ್ತು ಅವನ ಮಂದಿಯ ಭೀಮಶಾ ಹೋಗಿದ್ದ.

ಒಂದೋ ಹಲವೋ, ಪೂನಮ್ ಕೇಳಿದ್ದಳು, ಕಲಬುರಗಿಯಿಂದ ಬಂದಿದ್ದ ಹುಡುಗಿ, ಇಡೀ ಸಿಮೆಂಟ್ ಫ್ಯಾಕ್ಟರಿಯನ್ನು ಕಂಪ್ಯೂಟರಿನೊಳಗೆ ಇಳಿಸಲು ಬಂದವಳು, ಯಂತ್ರಕ್ಕೊಂದು ಚೌಕ, ಮನುಷ್ಯನಿಗೊಂದು ಚೌಕ, ನಡುವೆ ಗೆರೆ, ಗೆರೆಯ ತುದಿ ಕಾಗೆಯ ಕಾಲಿನಂತೆ ಕವಲೊಡೆದರೆ ಹಲವರು, ಒಡೆಯದಿದ್ದರೆ ಒಬ್ಬ, ಅಕ್ಕಾ, ನೀವು ಗೇಟಿನ್ಯಾಗ ಕುಂತು ಬಂದವ್ರು, ನಿಮಗೆಲ್ಲಾ ಗೊತ್ತದ, ಒಂದು ಯಂತ್ರದಾಗ ಒಮ್ಮಿಗಿ ಎಷ್ಟು ಹೆಸರು — ಒಂದ ನೋಡವ್ವಾ, ಅಂದಿದ್ದಳು ಅಂಬುಜಾ, ತಡವರಿಸದೆ, ಯಾಕೆಂದರೆ ಗೇಟಿನಲ್ಲಿ ಒಳಹೋಗುವವರನ್ನು ಬರೆದುಕೊಳ್ಳುತ್ತ ವರ್ಷಗಟ್ಟಲೆ ಕೇಳಿದ್ದು ಗುಂಪಿಗೆ ಒಂದೇ ಹೆಸರು, ಶಹಾಬಾದಿನ ಕಲ್ಲಿನ ಖಣಿಗಳಲ್ಲೂ ಹಾಗೆಯೇ, ಮಿಸ್ತ್ರಿಯ ಹೆಸರು ಹೇಳಿದರೆ ಅವನ ಮಂದಿಯೆಲ್ಲ ಬಂದಂತೆ, ಎಷ್ಟು ಮಂದಿ ಮಾಮಾ ಎಂದರೆ ಮಜೀದಸಾಬ ನಗುತ್ತಿದ್ದ, ನನ್ನ ಹೆಸರು ಬರಕೋ ಬೇಟಿ, ನಾ ಅದೀನಂದ್ರ ಎಲ್ಲಾರೂ ಅದಾರ, ಜೀವ ಎಣಸಬಾರ್ದು, ದೃಷ್ಟಿ ತಾಕತದ, ಅವಳೂ ನಕ್ಕು ಬಿಟ್ಟಿದ್ದಳು, ಆ ನಗು ಹೋಗಿ ಪೂನಮ್‌ಳ ಗೆರೆಯಲ್ಲಿ ಕುಳಿತಿತು, ಕವಲಿಲ್ಲದ ಗೆರೆ, ಈಗ ಮಿಸ್ತ್ರಿ ಕೊರಳಿನ ಕಾರ್ಡು ತೋರಿಸಿ ಇಳಿದರೆ ಚೌಕ ಕೆಂಪು, ಮೇಲೆ ಬಂದು ತೋರಿಸಿದರೆ ಹಸಿರು, ಅವನು ತೋರಿಸಿದ್ದಾನೆ, ನಿಯಮ ತಪ್ಪಿಲ್ಲ, ಯಾರೂ ತಪ್ಪಿಲ್ಲ — ವಾಕಿಟಾಕಿ ಎತ್ತಿದಳು, ಮಾಮಾ, ಒಳಗ ಯಾರರ ಅದಾರೇನು, ಗರಗರ, ಗುಟುಕಿನ ಸದ್ದು, ನಾ ಮ್ಯಾಲ ಬಂದೀನಲ್ಲ ಬೇಟಿ, ನೀರು ಕುಡ್ಯಾಕತ್ತೀನಿ, ನೀ ಅಲ್ಲ ಮಾಮಾ, ಭೀಮಶಾ, ಭೀಮಶಾನೇನು, ಅಂವ ತೆಳಗ ಅದಾನ, ಒಂದು ತುಕಡಾ ಉಳದದ, ಒಡ್ಯಾಕತ್ತಾನ, ಯಾಕ?

ಯಾಕ — ಎಷ್ಟು ಸಾದಾ ಕೇಳಿದ, ಊಟ ಆಯ್ತಾ ಅನ್ನುವ ಹಾಗೆ, ಮೌಸಿನಿಂದ ಕೈ ತೆಗೆದಳು, ಫೋನಿಗೆ ಹೇಳಿದಳು, ಸರ್, ಟಿಪ್ಪರ್ ಒಂದೂ ಅಲುಗಬಾರ್ದು, ಒಳಗ ಮನಷಾ ಅದಾನ, ಖಾಲಿ ಅಂತದಲ್ರಿ, ಖಾಲಿ ಅಂತದ ಸರ್, ನಾನ ಅದಕ್ಕ ಹಂಗ ಅನಿಸೀನಿ. ನಿನ್ನೆ ಹಸಿರು ಬಂದಾಗ ಒತ್ತಿದ್ದಳು, ಕೇಳಿರಲಿಲ್ಲ, ಮೊನ್ನೆಯೂ, ಕಲ್ಲು ಸಾಗಿಸುವ ಬೆಲ್ಟಿಗೆ, ಸುಟ್ಟ ಕಲ್ಲು ತಣಿಸುವ ಕೂಲರಿಗೆ, ಎಲ್ಲದಕ್ಕೂ ಅದೇ ಗೆರೆ, ಆವತ್ತೆಲ್ಲ ಮಿಸ್ತ್ರಿಯ ಹಿಂದೆಯೇ ಎಲ್ಲರೂ ಹತ್ತಿ ಬಂದಿದ್ದರು, ಅಷ್ಟೇ, ಅವರಿಗೆ ಬಾಯಾರಿಕೆ ಒಟ್ಟಿಗೇ ಆಗಿತ್ತು, ಅಷ್ಟೇ, ಪೂನಮ್‌ಗೆ ಹೇಳಬೇಕು, ಗೆರೆ ಒಡೆಯಬೇಕು, ಒಬ್ಬೊಬ್ಬರನ್ನೂ ಎಣಿಸಬೇಕು, ದೃಷ್ಟಿ ತಾಕಿದರೆ ತಾಕಲಿ — ಧೂಳು ಹಿಡಿದ ಕ್ಯಾಮೆರಾದಲ್ಲಿ ಹಾಪರಿನ ಅಂಚು ಕಾಣುತ್ತದೆ, ಅಂಚಿನ ಮೇಲೆ ಹತ್ತಿ ಬರುತ್ತಿರುವ ಭೀಮಶಾನ ಒಂದು ಕೈ, ಸುಣ್ಣದ ಪುಡಿ ಮೆತ್ತಿದ ಬಿಳಿ ಕೈ, ಹಿಡಿಯಲು ಸರಳು ತಡವುತ್ತಿದೆ, ಪಕ್ಕದ ಪರದೆಯಲ್ಲಿ ಖಾಲಿ, ಇಲ್ಲಿ ಕೈ, ಅಲ್ಲಿ ಖಾಲಿ, ನಿನ್ನೆಯ ಹಸಿರಿನ ಕೆಳಗೆ ಇರಬಹುದಿದ್ದ ಕೈ, ಮೊನ್ನೆಯದರ ಕೆಳಗೆ ಇರಬಹುದಿದ್ದ ಕೈ, ಸರಳು ಸಿಗದೆ ಗಾಳಿಯಲ್ಲಿ ತಡವುವ ಬಿಳಿ ಕೈ, ಆ ಕೈ —