ಹದಿನಾಲ್ಕನೇ ಪೆಟ್ಟಿಗೆ

ಊರಿನ ಭೂವಿಜ್ಞಾನಿಗಳ ಬಳಗ ಪ್ರತಿ ತಿಂಗಳ ಎರಡನೇ ಗುರುವಾರ ಸಂಜೆ ಐದೂವರೆಗೆ ಸೇರುತ್ತದೆ. ಮಣ್ಣು ಪರೀಕ್ಷೆಯ ಪ್ರಯೋಗಾಲಯದ ಮಹಡಿ ಮೇಲಿನ ಕೋಣೆ, ಇಪ್ಪತ್ತಾರು ಕುರ್ಚಿ, ಒಂದು ಉದ್ದನೆಯ ಮೇಜು. ಕೆಳಗೆ ಜರಡಿ ಯಂತ್ರ ಓಡುತ್ತಿದ್ದರೆ ಮೇಲೆ ನೀರಿನ ಲೋಟಗಳು ಸಣ್ಣಗೆ ನಡುಗುತ್ತವೆ. ಭಾಷಣಕ್ಕೆ ನಲವತ್ತು ನಿಮಿಷ, ಪ್ರಶ್ನೆಗಳಿಗೆ ಮಿತಿಯಿಲ್ಲ. ಬಳಗಕ್ಕೆ ಅಚ್ಚಾದ ನಿಯಮಾವಳಿ ಇದೆ, ಅದನ್ನು ಯಾರೂ ಓದಿಲ್ಲ. ಎಲ್ಲರೂ ಪಾಲಿಸುವುದು ಬಾಯಿಮಾತಿನ ಎರಡು ನಿಯಮಗಳನ್ನು. ಕಲ್ಲು ತರದೆ ಯಾರೂ ಮಾತಾಡುವಂತಿಲ್ಲ. ಹೇಳಲಿರುವುದನ್ನು ಸಭೆಗೆ ಮೊದಲೇ ಇನ್ನೊಬ್ಬ ಸದಸ್ಯರಿಗೆ ಹೇಳುವಂತಿಲ್ಲ.

ಎರಡನೆಯ ನಿಯಮ ತಂದವರು ಬಳಗದ ಹಿರಿಯರೊಬ್ಬರು. ಅವರಿಗೆ ಎಪ್ಪತ್ತು ವರ್ಷ. ಕಲ್ಲು ನೋಡುವ ಪುಟ್ಟ ಮಸೂರವನ್ನು ದಾರ ಹಾಕಿ ಕೊರಳಿಗೆ ಕಟ್ಟಿಕೊಂಡೇ ಓಡಾಡುವುದರಿಂದ ಭೂತಗನ್ನಡಿ ಎಂಬ ಅಡ್ಡಹೆಸರು ಬಿದ್ದಿತ್ತು. ಮದುವೆಮನೆಗೂ ಅದನ್ನು ಕಟ್ಟಿಕೊಂಡೇ ಹೋಗುತ್ತಿದ್ದರು. ನೆಲಹಾಸಿನ ಕಲ್ಲು ನೋಡಲು ಅವರು ಬಗ್ಗಿದರೆ, ಏನೋ ಕಳೆದುಕೊಂಡಿದ್ದಾರೆಂದು ನಾಲ್ಕು ಜನ ನೆಂಟರೂ ಬಗ್ಗಿ ಹುಡುಕುತ್ತಿದ್ದರು.

ಅವರ ಹೆಸರು ಹೊರಗೆ ಗೊತ್ತಾಗಿದ್ದು ನೆಲದಡಿಯ ಕಲ್ಲಿನ ಪದರಗಳ ಒಂದು ಮಡಿಕೆಯಿಂದ. ನಲವತ್ತೊಂದು ವರ್ಷದ ಹಿಂದೆ ಹೊಳೆಯ ಕಣಿವೆಯಲ್ಲಿ ಸೇತುವೆ ಕಟ್ಟುವ ಮೊದಲು ನೆಲದಡಿ ಏನಿದೆ ಎಂದು ತಿಳಿಯಲು ಆರು ಕಡೆ ಕೊರೆಸಿದ್ದರು. ಕೊರೆಯುವ ಕೊಳವೆ ಮೇಲೆ ಬಂದಾಗ ಒಳಗೆ ಕೈಮುಷ್ಟಿಯಲ್ಲಿ ಹಿಡಿಸುವಷ್ಟು ದಪ್ಪದ ಕಲ್ಲಿನ ಕಂಬ ಸಿಗುತ್ತದೆ. ಅದಕ್ಕೆ ಕೋರ್ ಎನ್ನುತ್ತಾರೆ. ಅದನ್ನು ಮೀಟರು ಉದ್ದದ, ಐದು ಸಾಲಿನ ಮರದ ಪೆಟ್ಟಿಗೆಯಲ್ಲಿ ಪುಸ್ತಕದ ಸಾಲುಗಳಂತೆ ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಜೋಡಿಸುತ್ತಾರೆ. ಒಂದು ಪೆಟ್ಟಿಗೆಗೆ ಐದು ಮೀಟರು. ಹಳೆಯ ಕಾಲದ ನೀರಿನಡಿ ಕೂತ ಮರಳುಗಲ್ಲಿನ ಪ್ರತಿ ಪದರದಲ್ಲೂ ದಪ್ಪ ಕಣ ಕೆಳಗೆ, ನುಣುಪು ಮೇಲೆ ಇರಬೇಕು. ಭಾರದ್ದು ಮೊದಲು ತಳ ಸೇರುತ್ತದೆ. ನಾಲ್ಕನೇ ಬೋರಿನ ಹದಿನಾಲ್ಕು ಮತ್ತು ಹದಿನೈದನೇ ಪೆಟ್ಟಿಗೆಗಳಲ್ಲಿ, ಅಂದರೆ ಅರವತ್ತೈದರಿಂದ ಎಪ್ಪತ್ತೈದು ಮೀಟರು ಆಳದಲ್ಲಿ, ಇದು ತಿರುಗಾಮುರುಗಾ ಆಗಿತ್ತು. ಕಣಿವೆಯಡಿಯ ಪದರಗಳು ಹಾಸಿಗೆ ಮಡಿಚಿದಂತೆ ಮಡಿಚಿ ಮಗುಚಿಕೊಂಡಿವೆ ಎಂದು ಭೂತಗನ್ನಡಿ ಬರೆದರು. ಪ್ರಬಂಧ ಅಚ್ಚಾಯಿತು. ಬೇರೆ ಊರುಗಳಿಂದ ಬಸ್ಸು ಮಾಡಿಕೊಂಡು ಬಂದು ಕಣಿವೆ ನೋಡಿಹೋದರು. ಬಳಗದ ಕಾಗದಗಳ ತಲೆಯ ಮೇಲೆ ಇವತ್ತಿಗೂ ಇರುವ ಚಿತ್ರ ಆ ಮಡಿಕೆಯದೇ.

ಅವರ ಮಗಳೂ ಭೂವಿಜ್ಞಾನಿ. ಅಪ್ಪ ಅಮ್ಮನ ಮನೆಯಿಂದ ಎರಡು ಬೀದಿ ಆಚೆ ಇರುತ್ತಾಳೆ, ನೀರು ಸರಬರಾಜು ಇಲಾಖೆಯಲ್ಲಿ ಕೆಲಸ. ಕಣಿವೆಯಡಿ ನೀರಿನ ಸುರಂಗ ಹೋಗಬೇಕಿತ್ತು. ಮಡಿಕೆ ಇದೆ ಎಂಬ ಕಾರಣಕ್ಕೆ ನಕ್ಷೆಯಲ್ಲಿ ಸುರಂಗ ಒಂದೂ ಮುಕ್ಕಾಲು ಕಿಲೋಮೀಟರು ಸುತ್ತಿ ಹೋಗುತ್ತಿತ್ತು. ಹಳೆಯ ಕೋರ್ ಇನ್ನೊಮ್ಮೆ ನೋಡಿ ವರದಿ ಕೊಡು ಎಂದು ಇಲಾಖೆ ಅವಳಿಗೆ ಹೇಳಿತು. ಅದು ಗೊತ್ತಾದ ದಿನವೇ ಅಪ್ಪ ಬಳಗದ ಮುಂದಿನ ಭಾಷಣಕ್ಕೆ ಅವಳ ಹೆಸರು ಸೂಚಿಸಿದರು. ಸಿಕ್ಕಿದವರಿಗೆಲ್ಲ "ನನ್ನ ಮಡಿಕೆ ಮೇಲೆ ನನ್ನ ಮಗಳು ಮಾತಾಡ್ತಾಳೆ, ಬನ್ನಿ" ಎಂದು ಹೇಳಿಕೊಂಡು ಬಂದರು.

ಮಗಳು ಉಗ್ರಾಣದಲ್ಲಿ ಒಂಬತ್ತು ದಿನ ಕೂತು ನೋಡಿದಳು. ಕೋರ್ ತುಂಡಾಗಿಯೇ ಬರುತ್ತದೆ, ಆದರೆ ಒಂದು ತುಂಡಿನ ಬುಡ ಮುಂದಿನ ತುಂಡಿನ ತಲೆಗೆ ಮುರಿದ ಬಿಸ್ಕತ್ತಿನ ಹಾಗೆ ಹೊಂದಬೇಕು. ಹದಿಮೂರನೇ ಪೆಟ್ಟಿಗೆಯ ಕೊನೆಯ ತುಂಡಿಗೆ ಹದಿನಾಲ್ಕರ ಮೊದಲ ತುಂಡು ಹೊಂದಲಿಲ್ಲ. ಅಪ್ಪನ ಹಳೆಯ ಟಿಪ್ಪಣಿಯಲ್ಲಿ "ಇಲ್ಲಿ ಕಲ್ಲು ನುಚ್ಚುನುಗ್ಗಾಗಿದೆ, ತುದಿಗಳು ಕೂಡುವುದಿಲ್ಲ" ಎಂದಿತ್ತು. ಮಗಳು ಹದಿನಾಲ್ಕರ ಕೊನೆಯ ತುಂಡನ್ನು ಎತ್ತಿ, ತಲೆಕೆಳಗು ಮಾಡಿ ಹಿಡಿದಳು. ಟಕ್ಕೆಂದು ಕೂತಿತು. ಹದಿನೈದರದ್ದೂ ಹೀಗೆಯೇ. ಕಣಿವೆಯಡಿ ಮಗುಚಿದ್ದು ಏನೂ ಇರಲಿಲ್ಲ. ಎರಡು ಪೆಟ್ಟಿಗೆಗಳನ್ನು ಯಾರೋ ತಿರುಗಿಸಿ ತುಂಬಿದ್ದರು.

ಸುರಂಗದ ವಿಷಯ, ಸುಳ್ಳು ಬರೆಯುವ ಮಾತೇ ಇಲ್ಲ. ಆದರೆ ಇಪ್ಪತ್ತು ಜನರ ಎದುರು ಅಪ್ಪನಿಗೆ ಇದನ್ನು ಮೊದಲ ಸಲ ಹೇಳುವುದು ಅವಳಿಗೆ ಬೇಡವಾಗಿತ್ತು. ಮಂಗಳವಾರ ಬೆಳಿಗ್ಗೆ ಮನೆಗೆ ಹೋದಳು.

"ಅಪ್ಪ, ಐದು ನಿಮಿಷ ಕೂತ್ಕೊಳ್ಳಿ. ನಾಲ್ಕನೇ ಬೋರಿನ ವಿಷಯ."

"ಗುರುವಾರ ಹೇಳೋದಾ?"

"ಹೌದು, ಆದ್ರೆ ನೀವು ಮೊದಲೇ ಕೇಳಿದ್ರೆ ಒಳ್ಳೇದು."

"ಮನೇಲೇ ಎಲ್ಲಾ ಹೇಳ್ಬಿಟ್ರೆ ಅಲ್ಲಿಗೆ ಬಂದು ನಾನೇನು ಕುರ್ಚಿ ಎಣಿಸ್ಲಾ?"

"ಅಪ್ಪ, ಇದು ಹಾಗಲ್ಲ..."

ಭೂತಗನ್ನಡಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಅವಳು ಬಾಯಿ ಮುಚ್ಚುವ ತನಕ ಹಾಗೇ ನಿಂತು, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಪೇಪರ್ ತರಲು ಹೊರಟುಹೋದರು. ಪೇಪರ್ ಆಗಲೇ ಬಂದು ಮೇಜಿನ ಮೇಲಿತ್ತು.

ಅಡುಗೆಮನೆಯ ಮೇಜಿನ ಆಚೆ ಅಮ್ಮ ಬೀನ್ಸ್ ಮುರಿಯುತ್ತಿದ್ದಳು.

"ಏನಾಯ್ತೇ? ಮುಖ ಯಾಕೆ ಹಾಗೆ?"

ಮಗಳು ಹೇಳಿದಳು. ಅಮ್ಮನಿಗೆ ಅರ್ಥವಾಗಲಿ ಎಂದು ಮುರಿದ ಬೀನ್ಸನ್ನೇ ಸಾಲಾಗಿ ಇಟ್ಟು ತೋರಿಸಿದಳು. ತೊಟ್ಟಿನ ಕಡೆ ತಲೆ, ಎಡದಿಂದ ಶುರು, ಮೇಲಿಂದ ಕೆಳಕ್ಕೆ.

"ಅಷ್ಟೇನಾ? ಗೊತ್ತು ಬಿಡು," ಎಂದು ಅಮ್ಮ ತಾನೂ ಒಂದು ಹಿಡಿ ಎಳೆದುಕೊಂಡು ಕೂತಲ್ಲೇ ಎರಡು ಸಾಲು ಜೋಡಿಸಿದಳು. ಅವಳ ಎಡದಿಂದ, ಅವಳಿಗೆ ದೂರದ ಸಾಲಿನಿಂದ. ಈಚೆ ಕೂತ ಮಗಳಿಗೆ ಮೊದಲನೆಯ ತುಂಡು ಕೊನೆಯಲ್ಲಿ ಕಂಡಿತು, ತೊಟ್ಟುಗಳೆಲ್ಲ ಬಲಕ್ಕೆ ತಿರುಗಿದ್ದವು. ಒಂದೂ ತಪ್ಪಿರಲಿಲ್ಲ. ಎಲ್ಲವೂ ಅಚ್ಚುಕಟ್ಟಾಗಿ ಉಲ್ಟಾ.

ಮಗಳು ಬೀನ್ಸ್ ನೋಡಿದಳು, ಅಮ್ಮನನ್ನು ನೋಡಿದಳು. "ಅಮ್ಮ, ಇದೆಲ್ಲ ನಿಂಗೆ ಹೇಗೆ ಗೊತ್ತು?"

"ಮದುವೆಯಾಗಿ ಐದು ತಿಂಗಳು. ನಿಮ್ಮಪ್ಪ ಕೆಲಸದ ಜಾಗಕ್ಕೆ ಕರ್ಕೊಂಡು ಹೋಗಿದ್ರು. ಡ್ರಿಲ್ಲರ್ ಬೆರಳು ಜಜ್ಜಿಕೊಂಡ, ಇವರು ಅವನನ್ನ ಆಸ್ಪತ್ರೆಗೆ ಕರ್ಕೊಂಡು ಓಡಿದ್ರು. ಇನ್ನೊಬ್ಬ ಡ್ರಿಲ್ಲರು ಕೊರೀತಾನೇ ಇದ್ದ, ಕಲ್ಲು ಬರ್ತಾನೇ ಇತ್ತು. ಹೇಗೆ ಇಡೋದು ಅಂತ ಅವನೇ ಹೇಳ್ಕೊಟ್ಟ, ನಾನು ತುಂಬ್ದೆ."

"ಪೆಟ್ಟಿಗೆ ಇಟ್ಟಿದ್ದ ಬೆಂಚಿನ ಯಾವ ಕಡೆ ನಿಂತಿದ್ದೆ?"

ಅಮ್ಮ ಇನ್ನೊಂದು ಬೀನ್ಸ್ ಮುರಿದಳು. "ಅವರೆಲ್ಲ ಯಂತ್ರದ ಕಡೆ. ಎಣ್ಣೆ ಹಾರುತ್ತೆ, ಸೀರೆ ಹಾಳಾಗುತ್ತೆ ಅಂತ ನಾನು ಈಚೆ ಕಡೆ." ಹಾಗೆನ್ನುತ್ತಲೇ ಅವಳ ಕೈ ನಿಂತಿತು. "ಅಯ್ಯೋ. ಎಷ್ಟು ಪೆಟ್ಟಿಗೆ ಅಂದೆ?"

"ಎರಡು."

"ಎರಡೇ. ಸರಿಯಾಗಿ ಎರಡೇ ತುಂಬಿದ್ದು ನಾನು." ಬೀನ್ಸನ್ನೆಲ್ಲ ಒಟ್ಟುಮಾಡಿ ಪಾತ್ರೆಗೆ ಹಾಕಿದಳು. "ನನ್ನ ಭಾಗ ನೀನು ಹೇಳ್ಬೇಡ. ಗುರುವಾರ ನಾನೂ ಬರ್ತೀನಿ."

"ನೀನಾ? ಕಲ್ಲಿನ ಮಾತು ಮನೇಲೇ ಸಾಕಾಗಿದೆ ಅಂತಿದ್ದೆ."

"ಈ ಸಲ ಕಲ್ಲು ನಂದೂ ಅಲ್ವಾ."

ಗುರುವಾರ ಇಪ್ಪತ್ತಾರು ಕುರ್ಚಿಯೂ ತುಂಬಿ ನಾಲ್ವರು ಗೋಡೆಗೆ ಒರಗಿ ನಿಂತಿದ್ದರು. ಮೂರು ಪೆಟ್ಟಿಗೆ, ಒಟ್ಟು ನೂರು ಕಿಲೋ ಹತ್ತಿರ. ಪ್ರಯೋಗಾಲಯದ ಇಬ್ಬರು ಮೂರು ಸಲ ಮೆಟ್ಟಿಲು ಹತ್ತಿದರು. ಬಳಗದ ಕಾರ್ಯದರ್ಶಿ ಜಲ್ಲಿ ಕ್ವಾರಿಯ ಮ್ಯಾನೇಜರು. ಅಮ್ಮನನ್ನು ಕಂಡು ಅವರು ದಿಗಿಲುಬಿದ್ದವರಂತೆ ಎದ್ದು ನಿಂತರು. "ಬನ್ನಿ ಅಕ್ಕ, ಏನು ಭಾಗ್ಯ! ಮುಂದೆ ಕೂತ್ಕೊಳ್ಳಿ."

"ಬೇಡಪ್ಪ, ಹಿಂದೇನೇ ಸರಿ. ನಿದ್ದೆ ಬಂದ್ರೆ ಗೊತ್ತಾಗಲ್ಲ."

ಭೂತಗನ್ನಡಿ ಮೊದಲ ಸಾಲಿನಲ್ಲಿ ಇಸ್ತ್ರಿ ಮಾಡಿದ ಶರ್ಟಿನಲ್ಲಿದ್ದರು. ಮಗಳು ಅವರ ಕಡೆ ನೋಡದೆ ಹನ್ನೊಂದು ನಿಮಿಷ ಮಾತಾಡಿದಳು. ಹಳೆಯ ನಕ್ಷೆ, ಆಳ, ಮೂರನೇ ಮತ್ತು ಐದನೇ ಬೋರು. ಅವೆರಡರಲ್ಲೂ ಮಗುಚಿದ ಪದರ ಸಿಕ್ಕಿರಲಿಲ್ಲ. ಅವು ಅಷ್ಟು ಆಳಕ್ಕೆ ಹೋಗಿಲ್ಲ ಎಂದೇ ಎಲ್ಲರೂ ಸುಮ್ಮನಿದ್ದರು. ಆಮೇಲೆ ಪೆಟ್ಟಿಗೆಗಳ ಮುಚ್ಚಳ ತೆಗೆದಳು.

"ಹದಿನಾಲ್ಕು, ಹದಿನೈದು, ಎರಡೂ ಪೆಟ್ಟಿಗೇಲಿ ಕೋರ್ ಉಲ್ಟಾ ತುಂಬಿದೆ. ಕಣಿವೇಲಿ ಮಡಿಕೆ ಇಲ್ಲ."

ಯಾರೂ ಭೂತಗನ್ನಡಿಯತ್ತ ನೋಡಲಿಲ್ಲ. ಎಲ್ಲರೂ ನೆಲ ನೋಡಿದರು. ಆ ವೃತ್ತಿಯವರಿಗೆ ಅದು ರೂಢಿಯೇ.

ಅವರು ಎದ್ದು ಮೇಜಿನ ಹತ್ತಿರ ಬಂದರು. ಮಸೂರ ಕಣ್ಣಿಗೆ ಹಿಡಿದು ಸಾಲು ಸಾಲಾಗಿ ನೋಡಿದರು. ಹದಿಮೂರರ ಕೊನೆಯ ತುಂಡಿಗೆ ಹದಿನಾಲ್ಕರ ಮೊದಲನೆಯದನ್ನು ಹಿಡಿದರು, ಕೂಡಲಿಲ್ಲ. ಕೊನೆಯದನ್ನು ತಿರುಗಿಸಿ ಹಿಡಿದರು, ಕೂತಿತು. ಬಿಡಿಸಿ ಮತ್ತೆ ಹಿಡಿದರು. ಮೂರನೇ ಸಲವೂ ಹಿಡಿದು, ತುಂಡುಗಳನ್ನು ಇದ್ದಲ್ಲೇ ಇಟ್ಟರು. ಮಸೂರವನ್ನು ಶರ್ಟಿನ ತುದಿಯಿಂದ ಒರೆಸಿದರು.

"ಕೊರೆಯುವಾಗ ಕೋರ್ ಎಷ್ಟು ಕಳೆದುಹೋಗಿದೆ?"

"ಇಪ್ಪತ್ತು ಸೆಂಟಿಮೀಟರು."

"ವರದೀಲಿ ಅದನ್ನ ಎಲ್ಲಿ ತೋರಿಸಿದೀಯ?"

"ಹದಿನೈದರ ಕೊನೇಲಿ."

"ಅಲ್ಲೇ ಯಾಕೆ?"

"ಅಲ್ಲಿ... ಜಾಗ ಖಾಲಿ ಇತ್ತು."

"ಜಾಗ ಖಾಲಿ ಇದ್ದಲ್ಲಿ ಕಲ್ಲು ಕಳೆದುಹೋಗುತ್ತಾ? ಪುರಾವೆ ಏನು?"

ಮಗಳು ಟಿಪ್ಪಣಿಯ ಹಾಳೆಗಳನ್ನು ತಿರುವಿದಳು, ಪುರಾವೆ ಅಲ್ಲೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಗಳ ಕಿವಿ ಕೆಂಪಾಯಿತು.

"ಇನ್ನೊಂದು ಪ್ರಶ್ನೆ," ಅಂದರು ಅಪ್ಪ. "ಇದನ್ನ ನಂಗೆ ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ದೆ. ನೀವು ಕಿವಿ ಮುಚ್ಕೊಂಡ್ರಿ."

ಕೋಣೆ ಘೊಳ್ಳೆಂದಿತು. ಭೂತಗನ್ನಡಿ ನಗಲಿಲ್ಲ. ಪೆಟ್ಟಿಗೆಯ ಮರವನ್ನು ಸವರುತ್ತ, ಯಾರನ್ನೂ ಉದ್ದೇಶಿಸದೆ ಕೇಳಿದರು: "ಆದ್ರೆ ಹೀಗೆ ಆಗಿದ್ದು ಹೇಗೆ? ಡ್ರಿಲ್ಲರುಗಳು ಪಳಗಿದವರು."

"ನಾನು ತುಂಬಿದ್ದು," ಅಂದಳು ಹಿಂದಿನಿಂದ ಅಮ್ಮ. ಎದ್ದು ನಿಂತಿದ್ದಳು. "ನೀವು ಆಸ್ಪತ್ರೆಗೆ ಹೋದ ದಿನ. ಬೆಂಚಿನ ಆಚೆ ಕಡೆ ನಿಂತು ತುಂಬ್ದೆ. ನನ್ನ ಎಡ ನಿಮಗೆ ಬಲ ಆಗುತ್ತೆ ಅಂತ ಯಾರಿಗೆ ಹೊಳೀಬೇಕು?"

ಭೂತಗನ್ನಡಿ ತಿರುಗಿದರು. "ನೀನಾ? ಮತ್ತೆ ಹೇಳ್ಬಾರ್ದಿತ್ತಾ?"

"ಆವತ್ತು ಸಂಜೇನೇ ಹೇಳಿದ್ದೆ. ನೀವು ಕಲ್ಲು ನೋಡ್ತಾ ಇದ್ರಿ. 'ಹೂಂ' ಅಂದ್ರಿ."

ಈ ಸಲ ನಗು ನಿಲ್ಲಲು ಹೊತ್ತು ಹಿಡಿಯಿತು. ಕೊನೆಗೆ ಭೂತಗನ್ನಡಿಯೂ "ಅಂದಿರ್ತೀನಿ" ಎಂದು ಒಪ್ಪಿಕೊಂಡು ಕಾರ್ಯದರ್ಶಿಯ ಕಡೆ ಬೆರಳು ತೋರಿದರು.

"ಬರ್ಕೊಳ್ಳಿ. ತುಂಬಿದವರು ಯಾರೇ ಆಗ್ಲಿ, ಮಾರನೇ ದಿನ ಅಳೆದು, ಆಳ ಬರೆದು ಸಹಿ ಹಾಕಿದ್ದು ನಾನು. ತುದಿ ಕೂಡುತ್ತಾ ಅಂತ ನೋಡೋದು ಮೊದಲನೇ ಕೆಲಸ. ನೋಡ್ದೆ, ಕೂಡ್ಲಿಲ್ಲ. ತಿರುಗಿಸಿ ನೋಡ್ಲಿಲ್ಲ. ಕಲ್ಲು ನುಚ್ಚುನುಗ್ಗಾಗಿದೆ ಅಂತ ಬರೆದ್ಬಿಟ್ಟೆ. ಯಾಕಂದ್ರೆ ನಂಗೆ ಮಡಿಕೆ ಬೇಕಿತ್ತು. ಅದನ್ನೂ ಬರ್ಕೊಳ್ಳಿ."

ಕಾರ್ಯದರ್ಶಿಯ ಪೆನ್ನು ಅರ್ಧಕ್ಕೆ ನಿಂತಿತು. "ಸರ್, ಮಡಿಕೆ ಚಿತ್ರ ಇರೋ ಕಾಗದ ಇನ್ನೂ ಎರಡು ಸಾವಿರ ಹಾಳೆ ಇದೆ. ಹೋದ ತಿಂಗಳಷ್ಟೇ ಅಚ್ಚಾಗಿದ್ದು."

"ತಲೆಕೆಳಗು ಮಾಡಿ ಬರೀರಿ. ಸರಿಹೋಗುತ್ತೆ."

ಸಭೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಭೂತಗನ್ನಡಿಯ ಕೈ ಕುಲುಕಿ ಹೋದರು. ಏನು ಹೇಳಬೇಕೆಂದು ತೋಚದವರು ಮಗಳಿಗೆ "ಚೆನ್ನಾಗಿತ್ತಮ್ಮ" ಎಂದು ಹೇಳಿ ಮೆಟ್ಟಿಲಿಳಿದರು. ಕೋಣೆಯಲ್ಲಿ ಮೂವರು ಉಳಿದರು. ಅಪ್ಪ ಕುರ್ಚಿಯಲ್ಲಿ ಕೂತು ಪೆಟ್ಟಿಗೆಗಳನ್ನು ನೋಡುತ್ತಿದ್ದರು. ಮಗಳು ಚಾರ್ಟುಗಳನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಅಪ್ಪ, ಬೇಜಾರಾಯ್ತಾ?"

"ಆಗ್ದೆ ಇರುತ್ತಾ? ನಲವತ್ತೊಂದು ವರ್ಷ ಸಾಕಿದ್ದೆ ಅದನ್ನ." ಮಸೂರದ ದಾರ ಸರಿಮಾಡಿಕೊಂಡು ಹೇಳಿದರು: "ಬೇರೆ ಯಾರೋ ಕಂಡುಹಿಡಿದಿದ್ರೆ ಇನ್ನೂ ಬೇಜಾರಾಗ್ತಿತ್ತು." ಎದ್ದರು. "ಹೀಗೇ ಉಲ್ಟಾ ಉಗ್ರಾಣಕ್ಕೆ ಕಳಿಸೋದು ಬೇಡ. ಸರಿಯಾಗಿ ತುಂಬಿಡೋಣ. ಏನೇ, ಬಾ. ತುಂಬೋಳು ನೀನೇ ಅಲ್ವಾ."

ಅಮ್ಮ ಬಂದು ಮೇಜಿನ ಆಚೆ ನಿಂತಳು.

"ಈ ಕಡೆ ಬಾರೇ!"

"ಬಂದೆ, ಕೂಗ್ಬೇಡಿ. ಅವತ್ತೇ ಕರ್ದಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ."

ಖಾಲಿ ಪೆಟ್ಟಿಗೆಯೊಂದನ್ನು ಕೆಳಗಿನಿಂದ ತಂದರು. ಮಗಳು ತುಂಡು ಕೊಟ್ಟಳು, ಅಪ್ಪ ತುದಿಗೆ ತುದಿ ಹಿಡಿದು ನೋಡಿದರು, ಅಮ್ಮ ಸಾಲಿಗೆ ಇಟ್ಟಳು. ಹದಿನಾಲ್ಕು ಮುಗಿದು ಹದಿನೈದರ ಮೂರನೇ ಸಾಲಿಗೆ ಬಂದಾಗ ಅಪ್ಪನ ಕೈ ನಿಂತಿತು. ಎರಡು ತುಂಡುಗಳ ತುದಿ ಸವೆದು ಸಾಬೂನಿನ ಬಿಲ್ಲೆಯಂತೆ ಗುಂಡಗಾಗಿದ್ದವು.

"ಇಲ್ಲಿ ನೋಡು. ಕೊಳವೆಯೊಳಗೆ ಕಲ್ಲು ಸಿಕ್ಕಿಕೊಂಡು ಗಿರಗಿರ ತಿರುಗಿದೆ. ನಡುವಿನದು ಪುಡಿಯಾಗಿ ನೀರಲ್ಲಿ ಹೋಗಿದೆ. ನಿನ್ನ ಇಪ್ಪತ್ತು ಸೆಂಟಿಮೀಟರು ಹೋಗಿದ್ದು ಇಲ್ಲಿ, ಕೊನೇಲಲ್ಲ."

ಮಗಳು ಮಸೂರಕ್ಕೆ ಕೈ ಚಾಚಿದಳು. ಅಪ್ಪ ಕೊರಳಿನ ದಾರ ತೆಗೆಯಲಿಲ್ಲ, ಹಾಗೇ ಬಗ್ಗಿದರು. ಅವಳು ಅವರ ಭುಜಕ್ಕೆ ತಲೆ ತಾಗಿಸಿಕೊಂಡು ನೋಡಿದಳು. ಅವರು ಹೇಳಿದ್ದು ಸರಿಯಿತ್ತು. ವರದಿಯಲ್ಲಿ ಎರಡು ಪುಟ ತಿದ್ದಬೇಕಿತ್ತು.

"ಆಳ ಎಷ್ಟು ಬರೀಲಿ?" ಎಂದು ಕೇಳಿ ಅವಳು ಪೆನ್ಸಿಲ್ ತೆಗೆದಳು.

"ನನ್ನನ್ನ ಕೇಳ್ಬೇಡ. ಅಳೆದು ನೋಡು."

ಅಮ್ಮ ಟೇಪಿನ ಒಂದು ತುದಿ ಹಿಡಿದುಕೊಂಡಳು.